ಸಂಸತ್ತಿನ ಉಭಯ ಸಭೆಗಳು ಮತ್ತು ಶಾಸನ ರಚನೆ

ಒಂದು ದೇಶಕ್ಕೆ ಕಾನೂನು ಮಾಡಲು ಒಂದು ಸಭೆ ಸಾಲದೆ? ಎರಡು ಏತಕ್ಕೆ? ಈ ಪ್ರಶ್ನೆ ಇಂದು ನಿನ್ನೆಯದಲ್ಲ. ಎರಡನೆಯ ಸಭೆಯು ಮೊದಲನೆಯ ಸಭೆಯ ಮಾತಿಗೆ ಒಪ್ಪಿದರೆ ಅದು ಅನಾವಶ್ಯಕ, ಒಪ್ಪದಿದ್ದರೆ ಅದು ಉಪದ್ರವ ಎಂದು ಫ್ರಾನ್ಸಿನ ಮಹಾಕ್ರಾಂತಿಯ ಕಾಲದ ಆಬೆ ಸಿಯೆಸ್ ಎಂಬಾತನು ಹೇಳಿದನೆಂದು ಪ್ರತೀತಿ. ಇದಕ್ಕೆ ಉತ್ತರವೆಂಬಂತೆ ಅಮೆರಿಕದಲ್ಲಿ ಒಂದು ಕಥೆ ಪ್ರಚಾರದಲ್ಲಿದೆ. ಸೆನೆಟ್ ಸಭೆ ಏತಕ್ಕೆ ಬೇಕೆಂದು ಜೆಫರ್ಸನ್ ಕೇಳಿದಾಗ, ನೀವು ಕಾಫಿಯನ್ನು ಸಾಸರಿಗೆ ಏಕೆ ಬಗ್ಗಿಸಿಕೊಂಡಿರಿ ಎಂದು ವಾಷಿಂಗ್ಟನ್ ಮರುಪ್ರಶ್ನೆ ಹಾಕಿದನಂತೆ. ಆರಿಸುವುದಕ್ಕೆ ಎಂದಾಗ, ಕಾನೂನನ್ನು ಆರಿಸುವುದಕ್ಕೂ ಅಂಥದೊಂದು ಸಾಸರು ಬೇಕು ಎಂದನಂತೆ. ಕಥೆ ನಿಜವೋ ಕಟ್ಟಿದ್ದೋ, ಅದರ ತಾತ್ಪರ್ಯ ಮಾತ್ರ ಕಾಫಿಯ ನಾಡಿನವರಾದ ನಮಗೆ ಸುಲಭವಾಗಿ ತಿಳಿಯುವಂಥದು.

ಇವೆರಡು ಮಾತುಗಳಲ್ಲಿ ಯಾವುದು ಸರಿ ಎಂಬುದನ್ನು ಬರಿಯ ತರ್ಕದಿಂದ ನಿರ್ಣಯಿಸುವುದು ಕಷ್ಟ. ನಮ್ಮ ಪಾರ್ಲಿಮೆಂಟಿನ ರಚನೆ ಎಂತಹುದು, ಅಲ್ಲಿ ಒಂದು ಮಸೂದೆಯು ಕಾಯಿದೆಯಾಗುವ ಬಗೆ ಹೇಗೆ ಎಂಬುದನ್ನು ನೋಡಿದರೆ ಉತ್ತರ ತಾನಾಗಿಯೇ ದೊರೆಯಬಹುದು. ಉದಾಹರಣೆಗೆ, ನಮ್ಮೆಲ್ಲರ ಮನೆಗಳಿಗೂ ಸಂಬಂಧಪಟ್ಟ ಒಂದು ಕಾನೂನನ್ನು, ಎಂದರೆ 1961ರ ವರದಕ್ಷಿಣೆ ನಿಷೇಧ ಕಾಯಿದೆಯನ್ನು, ಈ ಲೇಖನದಲ್ಲಿ ಜೊತೆಗಿಟ್ಟುಕೊಂಡು ಹೋಗೋಣ.

ಎರಡು ಸಭೆಗಳ ಕಲ್ಪನೆ ನಮಗೆ ಸ್ವಾತಂತ್ರ್ಯದೊಡನೆ ಬಂದುದಲ್ಲ. 1919ರ ಕಾಯಿದೆಯ ಪ್ರಕಾರ ದೆಹಲಿಯಲ್ಲಿ ಕೌನ್ಸಿಲ್ ಆಫ್ ಸ್ಟೇಟ್ ಎಂಬ ಮೇಲ್ಮನೆಯೂ ಕೇಂದ್ರ ಶಾಸನಸಭೆಯೂ ಏರ್ಪಟ್ಟು 1921ರಲ್ಲಿ ಕೆಲಸವನ್ನಾರಂಭಿಸಿದುವು. ಆದರೆ ಅಂದಿನ ಮೇಲ್ಮನೆಯು ಸಿರಿವಂತರಿಗೂ ದೊಡ್ಡ ಭೂಮಾಲೀಕರಿಗೂ ಮೀಸಲಾದಂತಿತ್ತು. ಅದಕ್ಕೂ ಮೊದಲೇ ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಪ್ರಜಾಪ್ರತಿನಿಧಿ ಸಭೆಯೂ 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಸ್ಥಾಪಿತವಾಗಿದ್ದುವು. ಸ್ವತಂತ್ರ ಭಾರತದ ರಾಜ್ಯಾಂಗವನ್ನು ರಚಿಸುವಾಗ ಎರಡನೆಯ ಸಭೆ ಬೇಕೆ ಬೇಡವೆ ಎಂಬ ಚರ್ಚೆ ನಡೆಯಿತು. ಎನ್. ಗೋಪಾಲಸ್ವಾಮಿ ಅಯ್ಯಂಗಾರರು ಅದು ಬೇಕೆಂದು ವಾದಿಸಿದರು. ಮುಖ್ಯ ವಿಷಯಗಳ ಮೇಲೆ ಗಂಭೀರವಾದ ಚರ್ಚೆ ನಡೆಯಬೇಕು, ಕ್ಷಣಿಕವಾದ ಆವೇಶದಿಂದ ಹುಟ್ಟಿದ ಕಾನೂನು ಆ ಆವೇಶ ಇಳಿಯುವವರೆಗೆ ಸ್ವಲ್ಪ ತಡೆಯಬೇಕು, ಆದರೆ ಆ ಸಭೆಯು ಶಾಸನದ ಗಾಡಿಗೆ ಅಡ್ಡಗಲ್ಲಾಗಕೂಡದು ಎಂಬುದು ಅವರ ಅಭಿಪ್ರಾಯದ ಸಾರಾಂಶ. ಈ ಮೂರು ಮಾತುಗಳನ್ನು ಓದುಗರು ನೆನಪಿನಲ್ಲಿಡಬೇಕು.

ನಮ್ಮ ಸಂಸತ್ತು ಎಂದರೆ ಎರಡು ಸಭೆಗಳು ಮಾತ್ರವಲ್ಲ. ರಾಜ್ಯಾಂಗದ 79ನೆಯ ವಿಧಿಯ ಪ್ರಕಾರ ರಾಷ್ಟ್ರಪತಿ, ರಾಜ್ಯಸಭೆ, ಲೋಕಸಭೆ ಈ ಮೂರೂ ಸೇರಿ ಸಂಸತ್ತು. ರಾಷ್ಟ್ರಪತಿಗಳು ಯಾವ ಸಭೆಯ ಸದಸ್ಯರೂ ಅಲ್ಲ. ಆದರೂ ಅವರ ಅಂಕಿತವಿಲ್ಲದೆ ಯಾವ ಮಸೂದೆಯೂ ಕಾಯಿದೆಯಾಗಲಾರದು. ಲೋಕಸಭೆಯಲ್ಲಿ 543 ಸ್ಥಾನಗಳಿವೆ. ಅವುಗಳಲ್ಲಿ ಕರ್ನಾಟಕದ ಪಾಲು 28. ಸದಸ್ಯರನ್ನು ಜನರು ನೇರವಾಗಿ ಆರಿಸುತ್ತಾರೆ. ಅಭ್ಯರ್ಥಿಗೆ 25 ವರ್ಷ ತುಂಬಿರಬೇಕು. ಸಭೆಯ ಆಯುಸ್ಸು ಐದು ವರ್ಷ. ಅದಕ್ಕೆ ಮೊದಲೇ ವಿಸರ್ಜನೆಯಾಗಲೂ ಬಹುದು. ಆಂಗ್ಲೋ-ಇಂಡಿಯನ್ ಸಮುದಾಯಕ್ಕೆ ನಾಮಕರಣದ ಮೂಲಕ ದೊರೆಯುತ್ತಿದ್ದ ಎರಡು ಸ್ಥಾನಗಳು 2020ರಲ್ಲಿ ಕೊನೆಗೊಂಡುವು.

ರಾಜ್ಯಸಭೆಯ ಸ್ವರೂಪ ಬೇರೆ. ಅದರಲ್ಲಿ ಈಗ 245 ಸ್ಥಾನಗಳು. 233 ಚುನಾಯಿತ, 12 ನಾಮಕರಣದವು. ಚುನಾಯಿತ ಸದಸ್ಯರನ್ನು ಆಯಾ ರಾಜ್ಯದ ವಿಧಾನಸಭೆಯ ಸದಸ್ಯರು ಆರಿಸುತ್ತಾರೆ. ಕರ್ನಾಟಕದಿಂದ 12 ಮಂದಿ ಹೋಗುತ್ತಾರೆ. ಅವರಿಗೆ ಮತ ಕೊಡತಕ್ಕವರು ವಿಧಾನಸಭೆಯ ಶಾಸಕರೇ ಹೊರತು ವಿಧಾನಪರಿಷತ್ತಿನವರಲ್ಲ. ಅಭ್ಯರ್ಥಿಯ ವಯಸ್ಸು 30ಕ್ಕೆ ಕಡಮೆಯಾಗಿರಕೂಡದು. ಅಮೆರಿಕದ ಸೆನೆಟ್ಟಿನಲ್ಲಿ ಚಿಕ್ಕ ರಾಜ್ಯಕ್ಕೂ ದೊಡ್ಡ ರಾಜ್ಯಕ್ಕೂ ಸಮನಾಗಿ ಇಬ್ಬಿಬ್ಬರು, ನಮ್ಮಲ್ಲಿ ಹಾಗಲ್ಲ. ಉತ್ತರಪ್ರದೇಶಕ್ಕೆ 31, ಗೋವೆಗೆ ಒಂದೇ ಒಂದು. ಈ ಸಭೆಗೆ ವಿಸರ್ಜನೆಯೆಂಬುದಿಲ್ಲ. ಸದಸ್ಯರ ಅವಧಿ ಆರು ವರ್ಷ. ಎರಡು ವರ್ಷಕ್ಕೊಮ್ಮೆ ಮೂರರಲ್ಲೊಂದು ಪಾಲು ನಿವೃತ್ತರಾಗಿ ಹೊಸಬರು ಬರುತ್ತಾರೆ. ಕೆರೆಯ ನೀರು ಒಂದೇ ಸಲ ಬರಿದಾಗದೆ ಕೋಡಿಯಲ್ಲಿ ಹರಿಯುತ್ತ, ಹಳ್ಳದಿಂದ ತುಂಬುತ್ತ ಇರುವಂತೆ ಎನ್ನಬಹುದು.

ನಾಮಕರಣದ 12 ಸ್ಥಾನಗಳು ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆಗಳಲ್ಲಿ ಅನುಭವವಿದ್ದವರಿಗಾಗಿ ಇರುವುವು. ಮೈಸೂರಿನಲ್ಲಿ ನೆಲೆಸಿದ್ದ ಆರ್.ಕೆ. ನಾರಾಯಣ್ ಅವರು 1986ರಲ್ಲಿ ಹೀಗೆ ಸದಸ್ಯರಾದರು. ಅವರು ತಮ್ಮ ಮೊದಲ ಭಾಷಣಕ್ಕೆ ಆರಿಸಿಕೊಂಡ ವಿಷಯ ಶಾಲಾ ಮಕ್ಕಳ ಬೆನ್ನಿನ ಮೇಲಿನ ಪುಸ್ತಕದ ಚೀಲದ ಭಾರ! ಚುನಾವಣೆಗೆ ನಿಲ್ಲದ ಮನುಷ್ಯನೊಬ್ಬನಿಂದ ದೇಶದ ಸಭೆಗೆ ಎಂತಹ ವಿಷಯ ಬರಬಹುದೆಂಬುದಕ್ಕೆ ಇದು ನಿದರ್ಶನ.

ಲೋಕಸಭೆಯ ಕಲಾಪವನ್ನು ಅದರ ಸದಸ್ಯರೇ ಆರಿಸಿದ ಸಭಾಧ್ಯಕ್ಷರು ನಡೆಸುತ್ತಾರೆ. ಮೊದಲನೆಯವರು ಜಿ.ವಿ. ಮಾವಳಂಕರರು. ಕನ್ನಡ ನಾಡಿನ ಕೆ.ಎಸ್. ಹೆಗ್ಡೆಯವರು 1977ರಲ್ಲಿ ಈ ಪೀಠವನ್ನೇರಿದರು. ರಾಜ್ಯಸಭೆಗೆ ಉಪರಾಷ್ಟ್ರಪತಿಗಳೇ ಪದನಿಮಿತ್ತ ಸಭಾಪತಿಗಳು. 1952ರ ಮೇ 13ರಂದು ಎರಡೂ ಸಭೆಗಳು ಮೊದಲ ಬಾರಿಗೆ ಸೇರಿದಾಗ ರಾಜ್ಯಸಭೆಯ ಪೀಠದಲ್ಲಿದ್ದವರು ಡಾ|| ಎಸ್. ರಾಧಾಕೃಷ್ಣನ್ನರು. ಒಂದು ಕಾಲದಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ಹತ್ತು ವರ್ಷ ಆ ಸಭೆಯನ್ನು ನಡೆಸಿದರೆಂಬುದು ಕಾಲೇಜುಗಳಲ್ಲಿರುವ ನಮಗೆ ಹೆಮ್ಮೆಯ ವಿಷಯವೇ ಸರಿ. ಮುಂದೆ ಬಿ.ಡಿ. ಜತ್ತಿಯವರೂ 1974ರಿಂದ 1979ರವರೆಗೆ ಅದೇ ಪೀಠದಲ್ಲಿ ಕುಳಿತರು.

ಅಧಿಕಾರದಲ್ಲಿ ಎರಡು ಸಭೆಗಳೂ ಸಮಾನವೆ? ಅಲ್ಲ. ಮಂತ್ರಿಮಂಡಲವು ಹೊಣೆಯಾಗಿರುವುದು ಲೋಕಸಭೆಗೆ ಮಾತ್ರ. 1999ರ ಏಪ್ರಿಲ್ 17ರಂದು ವಾಜಪೇಯಿಯವರ ಸರ್ಕಾರವು ಲೋಕಸಭೆಯಲ್ಲಿ ವಿಶ್ವಾಸಮತ ಕೋರಿದಾಗ ಪರವಾಗಿ 269, ವಿರೋಧವಾಗಿ 270 ಮತಗಳು ಬಂದು, ಒಂದೇ ಮತದಿಂದ ಸರ್ಕಾರ ಬಿದ್ದುಹೋಯಿತು. ರಾಜ್ಯಸಭೆಗೆ ಹೀಗೆ ಸರ್ಕಾರವನ್ನು ಬೀಳಿಸುವ ಶಕ್ತಿಯಿಲ್ಲ. ಆದರೂ ಅದರ ಸದಸ್ಯರು ಪ್ರಧಾನಿಗಳಾಗಬಹುದು; 1996ರಲ್ಲಿ ಎಚ್.ಡಿ. ದೇವೇಗೌಡರು ಪ್ರಧಾನಿಗಳಾಗಿದ್ದುದು ರಾಜ್ಯಸಭೆಯ ಸದಸ್ಯರಾಗಿಯೇ. ರಾಜ್ಯಸಭೆಗೆಂದೇ ಮೀಸಲಾದ ಎರಡು ಅಧಿಕಾರಗಳುಂಟು. ರಾಜ್ಯಪಟ್ಟಿಯಲ್ಲಿರುವ ವಿಷಯವೊಂದರ ಮೇಲೆ ರಾಷ್ಟ್ರಹಿತಕ್ಕಾಗಿ ಸಂಸತ್ತು ಕಾನೂನು ಮಾಡಬೇಕಾದರೂ, ಹೊಸದೊಂದು ಅಖಿಲ ಭಾರತ ಸೇವೆಯನ್ನು ಸ್ಥಾಪಿಸಬೇಕಾದರೂ ಮೊದಲು ಈ ಸಭೆಯು ಮೂರರಲ್ಲಿ ಎರಡು ಪಾಲು ಬಹುಮತದಿಂದ ನಿರ್ಣಯ ಮಾಡಬೇಕು. ರಾಜ್ಯಗಳ ಬಾಗಿಲನ್ನು ರಾಜ್ಯಗಳ ಸಭೆಯೇ ತೆರೆಯಬೇಕೆಂಬುದು ಇದರ ಅರ್ಥ.

ಇನ್ನು ಶಾಸನ ರಚನೆಯ ಕ್ರಮಕ್ಕೆ ಬರೋಣ. ಕಾನೂನಿನ ಕರಡಿಗೆ ಮಸೂದೆಯೆಂದು ಹೆಸರು. ಮಂತ್ರಿಗಳು ತಂದರೆ ಅದು ಸರ್ಕಾರಿ ಮಸೂದೆ. ಇತರ ಸದಸ್ಯರು ತಂದರೆ ಖಾಸಗಿ ಮಸೂದೆ. ಖಾಸಗಿ ಮಸೂದೆಗಳು ಅಂಗೀಕಾರವಾಗುವುದು ಬಹಳ ಅಪರೂಪ. 1970ರ ಈಚೆಗೆ ಒಂದೂ ಕಾಯಿದೆಯಾಗಿಲ್ಲ. ಪ್ರತಿಯೊಂದು ಸಭೆಯಲ್ಲಿಯೂ ಮಸೂದೆಗೆ ಮೂರು ವಾಚನಗಳು. ಮೊದಲನೆಯ ವಾಚನವೆಂದರೆ ಮಂಡನೆ. ಸಾಮಾನ್ಯವಾಗಿ ಅಲ್ಲಿ ಚರ್ಚೆಯಿಲ್ಲ. ಎರಡನೆಯದೇ ಮುಖ್ಯವಾದುದು. ಮೊದಲು ಮಸೂದೆಯ ತತ್ತ್ವದ ಮೇಲೆ ಸಾಮಾನ್ಯ ಚರ್ಚೆ. ಬಳಿಕ ಖಂಡಖಂಡವಾಗಿ ಪರಿಶೀಲನೆ. ಇಲ್ಲಿ ಒಂದೊಂದು ಪದವನ್ನೂ ತಿದ್ದುಪಡಿಯಿಂದ ಬದಲಿಸಬಹುದು. ಮೂರನೆಯ ವಾಚನದಲ್ಲಿ ಇಡೀ ಮಸೂದೆಯನ್ನು ಒಪ್ಪಬೇಕು ಅಥವಾ ಬಿಡಬೇಕು.

ಎರಡನೆಯ ವಾಚನದ ನಡುವೆ ಮಸೂದೆಯನ್ನು ಸಮಿತಿಗೆ ಒಪ್ಪಿಸುವ ಪದ್ಧತಿಯುಂಟು. ನೂರಾರು ಜನರ ಸಭೆಯಲ್ಲಿ ಭಾಷಣಗಳಾಗಬಹುದು. ಒಂದು ವಾಕ್ಯದ ಲೋಪವನ್ನು ಹುಡುಕಿ ತೆಗೆಯುವ ಕೆಲಸ ಸಣ್ಣ ಕೊಠಡಿಯಲ್ಲಿ ಮೇಜಿನ ಸುತ್ತ ಕುಳಿತಾಗಲೇ ಚೆನ್ನಾಗಿ ಆಗತಕ್ಕದ್ದು. ಒಂದೇ ಸಭೆಯ ಸದಸ್ಯರಿದ್ದರೆ ಅದು ಆಯ್ದ ಸಮಿತಿ. ಎರಡೂ ಸಭೆಯವರಿದ್ದರೆ ಜಂಟಿ ಸಮಿತಿ. 1993ರಿಂದ ಇಲಾಖೆಗಳಿಗೆ ಸಂಬಂಧಪಟ್ಟ ಸ್ಥಾಯೀ ಸಮಿತಿಗಳೂ ಏರ್ಪಟ್ಟಿವೆ. 2004ರಿಂದ ಅವುಗಳ ಸಂಖ್ಯೆ 24. ಪ್ರತಿಯೊಂದರಲ್ಲಿಯೂ ಲೋಕಸಭೆಯ 21, ರಾಜ್ಯಸಭೆಯ 10, ಒಟ್ಟು 31 ಸದಸ್ಯರು. ಅಲ್ಲಿ ಅಧಿಕಾರಿಗಳನ್ನೂ ವಿಷಯ ಬಲ್ಲವರನ್ನೂ ಕರೆಸಿ ಕೇಳುತ್ತಾರೆ. ಪಕ್ಷದ ಗಲಾಟೆ ಅಲ್ಲಿ ಕಡಮೆ.

ವರದಕ್ಷಿಣೆ ನಿಷೇಧದ ಮಸೂದೆಯು 1959ರ ಏಪ್ರಿಲ್ 24ರಂದು ಲೋಕಸಭೆಯಲ್ಲಿ ಮಂಡಿತವಾಯಿತು. ಸ್ವಲ್ಪ ಚರ್ಚೆಯ ನಂತರ ಅದನ್ನು ಉಭಯ ಸಭೆಗಳ ಜಂಟಿ ಸಮಿತಿಗೆ ಒಪ್ಪಿಸಲಾಯಿತು. ಸಮಿತಿಯು ಕೆಲವು ತಿದ್ದುಪಡಿಗಳೊಡನೆ ವರದಿ ಕೊಟ್ಟಿತು. ಆದರೆ ಎರಡು ಸಭೆಗಳಿಗೂ ಒಮ್ಮತವುಂಟಾಗಲಿಲ್ಲ. ವರದಕ್ಷಿಣೆ ಕೆಟ್ಟದ್ದೆಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ವರದಕ್ಷಿಣೆ ಎಂದರೆ ಯಾವುದು? ಪ್ರೀತಿಯಿಂದ ಕೊಟ್ಟ ಉಡುಗೊರೆ ಯಾವುದು, ಬಲವಂತದಿಂದ ಕೊಟ್ಟ ಹಣ ಯಾವುದು? ಇವುಗಳ ನಡುವಣ ಗೆರೆಯನ್ನು ಯಾವ ಮಾತುಗಳಿಂದ ಎಳೆಯಬೇಕು? ತೊಡಕೆಲ್ಲ ಇದ್ದುದು ಇಲ್ಲಿಯೇ.

ಇಂತಹ ಸಂದರ್ಭಕ್ಕಾಗಿಯೇ ರಾಜ್ಯಾಂಗದ 108ನೆಯ ವಿಧಿಯು ದಾರಿ ತೋರಿಸಿದೆ. ಒಂದು ಸಭೆ ಒಪ್ಪಿದ ಮಸೂದೆಯನ್ನು ಇನ್ನೊಂದು ತಿರಸ್ಕರಿಸಿದರೆ, ಅಥವಾ ತಿದ್ದುಪಡಿಗಳ ಬಗ್ಗೆ ಎರಡಕ್ಕೂ ಹೊಂದಿಕೆಯಾಗದಿದ್ದರೆ, ಅಥವಾ ಆರು ತಿಂಗಳು ಮೀರಿದರೂ ಅಂಗೀಕರಿಸದಿದ್ದರೆ, ರಾಷ್ಟ್ರಪತಿಗಳು ಜಂಟಿ ಅಧಿವೇಶನವನ್ನು ಕರೆಯಬಹುದು. ಅಲ್ಲಿ ಲೋಕಸಭೆಯ ಅಧ್ಯಕ್ಷರೇ ಅಧ್ಯಕ್ಷರು. ತೀರ್ಮಾನ ಒಟ್ಟು ಬಹುಮತದಿಂದ. ಲೋಕಸಭೆಯ ಸಂಖ್ಯೆ ಇಮ್ಮಡಿಗಿಂತ ಹೆಚ್ಚಾದುದರಿಂದ ಕೊನೆಯ ಮಾತು ಸಾಧಾರಣವಾಗಿ ಅದರದೇ. ಕಾನೂನು ಮಾಡುವುದಕ್ಕಾಗಿ ಈ ದಾರಿಯನ್ನು ಬಳಸಿದ್ದು ಮೂರೇ ಬಾರಿ: 1961ರಲ್ಲಿ ವರದಕ್ಷಿಣೆ ಮಸೂದೆಗೆ, 1978ರಲ್ಲಿ ಬ್ಯಾಂಕಿಂಗ್ ಸೇವಾ ಆಯೋಗವನ್ನು ರದ್ದುಮಾಡುವ ಮಸೂದೆಗೆ, 2002ರಲ್ಲಿ ಭಯೋತ್ಪಾದನೆ ತಡೆಯುವ ಮಸೂದೆಗೆ.

ವರದಕ್ಷಿಣೆಯ ಜಂಟಿ ಅಧಿವೇಶನ 1961ರ ಮೇ 6 ಮತ್ತು 9ರಂದು ನಡೆಯಿತು. ಅಲ್ಲಿಂದ ಹೊರಬಂದ ಕಾಯಿದೆಯಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ನೇರವಾಗಿ ಕೊಟ್ಟರೂ ಪರೋಕ್ಷವಾಗಿ ಕೊಟ್ಟರೂ ಅದು ವರದಕ್ಷಿಣೆಯೇ ಎಂದು ಒಂದು ಕಡೆ ಬಿಗಿಮಾಡಲಾಯಿತು. ಇನ್ನೊಂದು ಕಡೆ ಒಂದು ವಿವರಣೆ ಸೇರಿತು: ಮದುವೆಯ ಕಾಲದಲ್ಲಿ ಕೊಡುವ ಹಣ, ಒಡವೆ, ಬಟ್ಟೆ ಮುಂತಾದ ಉಡುಗೊರೆಗಳು, ಮದುವೆಯ ಪ್ರತಿಫಲವಾಗಿ ಕೊಟ್ಟವಲ್ಲದಿದ್ದರೆ, ವರದಕ್ಷಿಣೆಯಲ್ಲ. ಈ ಒಂದು ವಾಕ್ಯದಿಂದ ಏನಾಯಿತು? ಕೊಟ್ಟದ್ದು ಪ್ರತಿಫಲವಾಗಿಯೇ ಎಂದು ನ್ಯಾಯಾಲಯದಲ್ಲಿ ರುಜುವಾತು ಮಾಡಬೇಕಾಯಿತು. ಮಗಳ ಬಾಳು ಹಸನಾಗಲೆಂದು ಕೊಟ್ಟ ತಂದೆ ಅಂತಹ ಸಾಕ್ಷ್ಯವನ್ನು ಎಲ್ಲಿಂದ ತಂದಾನು? 1984ರಲ್ಲಿ ಸಂಸತ್ತು ಆ ವಿವರಣೆಯನ್ನು ತೆಗೆದುಹಾಕಿತು. ಪ್ರತಿಫಲ ಎಂಬ ಮಾತಿನ ಬದಲು ಮದುವೆಗೆ ಸಂಬಂಧಪಟ್ಟಂತೆ ಎಂಬ ವಿಶಾಲವಾದ ಮಾತನ್ನಿಟ್ಟಿತು. ಮೊದಲ ಕಾಯಿದೆಯಲ್ಲಿ ಆರು ತಿಂಗಳವರೆಗಿನ ಸೆರೆ ಅಥವಾ ಐದು ಸಾವಿರ ರೂಪಾಯಿಗಳವರೆಗಿನ ದಂಡ, ಅಥವಾ ಎರಡೂ ಇದ್ದ ಶಿಕ್ಷೆಯನ್ನು 1986ರಲ್ಲಿ ಕನಿಷ್ಠ ಐದು ವರ್ಷದ ಸೆರೆಗೆ ಏರಿಸಲಾಯಿತು. ಕಾನೂನಿನ ಒಂದು ಪದ ತಿದ್ದಲು ಇಪ್ಪತ್ತಮೂರು ವರ್ಷಗಳಾದುವು. ಆ ವರ್ಷಗಳಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಹಳೆಯ ಪದವೇ ಗತಿ. ಎರಡು ಸಭೆಗಳು ಒಂದು ವಾಕ್ಯಕ್ಕಾಗಿ ಜಗಳವಾಡುವುದು ವ್ಯರ್ಥ ಕಾಲಹರಣವೆನ್ನುವವರು ಇದನ್ನು ಯೋಚಿಸಬೇಕು.

ಹಣಕಾಸಿನ ಮಸೂದೆಗಳಿಗೆ ಬೇರೆ ನಿಯಮ. ತೆರಿಗೆ, ಸಾಲ, ಸರ್ಕಾರದ ನಿಧಿಯಿಂದ ಮಾಡುವ ವೆಚ್ಚ ಇಂತಹವುಗಳಿಗೆ ಮಾತ್ರ ಸಂಬಂಧಪಟ್ಟ ಧನ ಮಸೂದೆಯು ಲೋಕಸಭೆಯಲ್ಲಿಯೇ ಹುಟ್ಟಬೇಕು. ರಾಜ್ಯಸಭೆಯು 14 ದಿನಗಳೊಳಗಾಗಿ ಸಲಹೆಗಳೊಡನೆ ಹಿಂದಿರುಗಿಸಬೇಕು. ಆ ಸಲಹೆಗಳನ್ನು ಒಪ್ಪುವುದೂ ಬಿಡುವುದೂ ಲೋಕಸಭೆಯ ಇಷ್ಟ. ತೆರಿಗೆ ಕೊಡುವ ಜನರು ನೇರವಾಗಿ ಆರಿಸಿದವರೇ ಹಣದ ಬಗ್ಗೆ ತೀರ್ಮಾನಿಸಲಿ ಎಂಬುದು ನ್ಯಾಯವೇ. ಆದರೆ ಯಾವುದು ಧನ ಮಸೂದೆ ಎಂಬುದನ್ನು ನಿರ್ಣಯಿಸತಕ್ಕವರು ಲೋಕಸಭೆಯ ಅಧ್ಯಕ್ಷರು. 2016ರಲ್ಲಿ ಆಧಾರ್ ಮಸೂದೆಯನ್ನು ಧನ ಮಸೂದೆಯೆಂದು ಕರೆದಾಗ, ರಾಜ್ಯಸಭೆಯು ಸೂಚಿಸಿದ ತಿದ್ದುಪಡಿಗಳನ್ನು ಲೋಕಸಭೆಯು ತಳ್ಳಿಹಾಕಿತು. ಈ ವಿವಾದ ಸುಪ್ರೀಂ ಕೋರ್ಟನ್ನು ಮುಟ್ಟಿತು. ಆ ಮೊಕದ್ದಮೆ ಯಾರ ಹೆಸರಿನಿಂದ ಪ್ರಸಿದ್ಧವಾಗಿದೆಯೋ ಆ ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು. 2018ರಲ್ಲಿ ನ್ಯಾಯಾಲಯದ ಬಹುಮತವು ಅದನ್ನು ಧನ ಮಸೂದೆಯೆಂದು ಒಪ್ಪಿತು; ನ್ಯಾಯಮೂರ್ತಿ ಚಂದ್ರಚೂಡರು ಭಿನ್ನಮತದ ತೀರ್ಪು ಬರೆದರು.

ರಾಜ್ಯಾಂಗವನ್ನೇ ತಿದ್ದಬೇಕಾದಾಗ ಮಾತ್ರ ಎರಡು ಸಭೆಗಳೂ ಸರಿಸಮಾನ. ಪ್ರತಿಯೊಂದು ಸಭೆಯಲ್ಲಿಯೂ ಒಟ್ಟು ಸದಸ್ಯರ ಬಹುಮತವೂ, ಹಾಜರಿದ್ದು ಮತ ಕೊಟ್ಟವರಲ್ಲಿ ಮೂರರಲ್ಲಿ ಎರಡು ಪಾಲೂ ಬೇಕು. ಇಲ್ಲಿ ಜಂಟಿ ಅಧಿವೇಶನಕ್ಕೆ ಎಡೆಯಿಲ್ಲ. 1970ರ ಸೆಪ್ಟೆಂಬರಿನಲ್ಲಿ ಮಾಜಿ ಅರಸರ ರಾಜಧನವನ್ನು ರದ್ದುಪಡಿಸುವ ತಿದ್ದುಪಡಿಯು ಲೋಕಸಭೆಯನ್ನು ದಾಟಿ ರಾಜ್ಯಸಭೆಗೆ ಬಂತು. ಪರವಾಗಿ 149, ವಿರೋಧವಾಗಿ 75. ಲೆಕ್ಕ ಹಾಕಿ ನೋಡಿ: 224ರಲ್ಲಿ ಮೂರರಲ್ಲಿ ಎರಡು ಪಾಲು ಎಂದರೆ 149ಕ್ಕಿಂತ ಸ್ವಲ್ಪ ಹೆಚ್ಚು. ಒಂದು ಮತಕ್ಕಿಂತಲೂ ಕಡಮೆ ಅಂತರದಲ್ಲಿ ಮಸೂದೆ ಬಿದ್ದಿತು. ಮರುವರ್ಷ 26ನೆಯ ತಿದ್ದುಪಡಿಯಿಂದ ರಾಜಧನ ಕೊನೆಗೊಂಡಿತು. ಹಾಗೆಯೇ 1989ರಲ್ಲಿ ಪಂಚಾಯತಿಗಳ ಬಗೆಗಿನ ತಿದ್ದುಪಡಿಯನ್ನು ರಾಜ್ಯಸಭೆ ಒಪ್ಪಲಿಲ್ಲ. ಹೊಸ ರೂಪದಲ್ಲಿ ಅದು 1992ರಲ್ಲಿ 73ನೆಯ ತಿದ್ದುಪಡಿಯಾಗಿ ಅಂಗೀಕೃತವಾಯಿತು. ಎರಡು ಸಂದರ್ಭಗಳಲ್ಲಿಯೂ ರಾಜ್ಯಸಭೆ ತಡೆಯಿತೇ ವಿನಾ ಶಾಶ್ವತವಾಗಿ ಕೊಲ್ಲಲಿಲ್ಲ. ಅಯ್ಯಂಗಾರರು ಬಯಸಿದ್ದುದು ಇದನ್ನೇ.

ತಡೆಯೂ ಕೆಲವೊಮ್ಮೆ ದೀರ್ಘವಾಗುವುದುಂಟು. ಆದರೆ ಅದಕ್ಕೆ ಯಾವಾಗಲೂ ಮೇಲ್ಮನೆಯೇ ಕಾರಣವಲ್ಲ. ಸ್ತ್ರೀಯರಿಗೆ ಸ್ಥಾನ ಮೀಸಲಿಡುವ ಮಸೂದೆಯನ್ನು 2008ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದರು. ಲೋಕಸಭೆ ವಿಸರ್ಜನೆಯಾದರೂ ರಾಜ್ಯಸಭೆಯಲ್ಲಿಯೇ ಉಳಿದಿರುವ ಅಂತಹ ಮಸೂದೆ ಬಿದ್ದುಹೋಗುವುದಿಲ್ಲ. 2010ರ ಮಾರ್ಚಿನಲ್ಲಿ ರಾಜ್ಯಸಭೆ ಅದನ್ನು ಅಂಗೀಕರಿಸಿತು. ಲೋಕಸಭೆಯಲ್ಲಿ ಅದು ಹಾಗೆಯೇ ಉಳಿದು 2014ರಲ್ಲಿ ಆ ಸಭೆಯ ವಿಸರ್ಜನೆಯೊಡನೆ ಅಳಿಯಿತು. 2023ರ ಸೆಪ್ಟೆಂಬರಿನಲ್ಲಿ ಹೊಸ ಸಂಸತ್ ಭವನದಲ್ಲಿ ಹೊಸ ಮಸೂದೆ ಬಂದು, ಎರಡು ದಿನಗಳಲ್ಲಿ ಎರಡು ಸಭೆಗಳೂ ಒಪ್ಪಿದುವು.

ಉಭಯ ಸಭೆಗಳನ್ನು ದಾಟಿದ ಮಸೂದೆ ಕೊನೆಗೆ ರಾಷ್ಟ್ರಪತಿಗಳ ಬಳಿಗೆ ಹೋಗುತ್ತದೆ. ಅವರು ಅಂಕಿತ ಹಾಕಬಹುದು, ತಡೆಹಿಡಿಯಬಹುದು, ಇಲ್ಲವೆ ಪುನರಾಲೋಚನೆಗೆ ಒಮ್ಮೆ ಹಿಂದಿರುಗಿಸಬಹುದು. 2006ರಲ್ಲಿ ಅಬ್ದುಲ್ ಕಲಾಂ ಅವರು ಲಾಭದಾಯಕ ಹುದ್ದೆಗಳ ಮಸೂದೆಯನ್ನು ಹಿಂದಿರುಗಿಸಿದರು. ಸಂಸತ್ತು ಮತ್ತೆ ಅಂಗೀಕರಿಸಿದ ಮೇಲೆ ಸಹಿ ಹಾಕಿದರು. ಧನ ಮಸೂದೆಯನ್ನು ಹೀಗೆ ಹಿಂದಿರುಗಿಸುವಂತಿಲ್ಲ. ರಾಜ್ಯಾಂಗದ ತಿದ್ದುಪಡಿಗೆ ಅಂಕಿತ ಕೊಡಲೇಬೇಕು.

ಯಂತ್ರ ಹೀಗಿದೆ. ಆದರೆ ಯಂತ್ರವಿದ್ದ ಮಾತ್ರಕ್ಕೆ ಹಿಟ್ಟು ನುಣ್ಣಗೆ ಬೀಳುವುದಿಲ್ಲ. ಬೀಸಲು ಸಮಯ ಬೇಕು. 1952ರಿಂದ 1957ರವರೆಗಿನ ಮೊದಲನೆಯ ಲೋಕಸಭೆಯು 677 ದಿನ ಸೇರಿತ್ತು. 2019ರಿಂದ 2024ರವರೆಗಿನ 17ನೆಯ ಲೋಕಸಭೆ ಸೇರಿದ್ದು 274 ದಿನ. 15ನೆಯ ಲೋಕಸಭೆಯ ಕಾಲದಲ್ಲಿ ಮಸೂದೆಗಳ ಪೈಕಿ ನೂರಕ್ಕೆ ಸುಮಾರು 71 ಸಮಿತಿಗಳ ಪರಿಶೀಲನೆಗೆ ಹೋದರೆ, 17ನೆಯದರಲ್ಲಿ ಹೋದುದು ಸುಮಾರು 16. ಇದಲ್ಲದೆ 1985ರ ಪಕ್ಷಾಂತರ ನಿಷೇಧದ ಬಳಿಕ ಸದಸ್ಯನು ತನ್ನ ಪಕ್ಷದ ಆಜ್ಞೆಯನ್ನು ಮೀರಿ ಮತ ಕೊಟ್ಟರೆ ಸ್ಥಾನವನ್ನೇ ಕಳೆದುಕೊಳ್ಳಬಹುದು. ಪಕ್ಷಾಂತರದ ಪಿಡುಗನ್ನು ತಡೆಯಲು ಆ ಕಾನೂನು ಬೇಕಾಗಿತ್ತು, ನಿಜ. ಆದರೆ ಎದುರಾಳಿಯ ವಾದ ಮನಸ್ಸಿಗೆ ಒಪ್ಪಿಗೆಯಾದರೂ ಕೈಯೆತ್ತಲಾಗದಿದ್ದರೆ ಚರ್ಚೆಯ ಫಲವೇನು? ಎರಡು ಸಭೆಗಳಿದ್ದೂ ಎರಡರಲ್ಲಿಯೂ ಮಸೂದೆಗಳು ಅವಸರದಿಂದ ಹಾದುಹೋದರೆ, ಸಾಸರಿಗೆ ಬಗ್ಗಿಸಿದ ಕಾಫಿಯನ್ನು ಆರುವ ಮೊದಲೇ ಗುಟುಕರಿಸಿದಂತೆ.

ಆಬೆ ಸಿಯೆಸನ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಎರಡನೆಯ ಸಭೆ ಒಪ್ಪಿದರೂ, ಒಪ್ಪುವ ಮೊದಲು ಓದಿ ನೋಡಿದ್ದರೆ ಅದು ಅನಾವಶ್ಯಕವಲ್ಲ. ಒಪ್ಪದಿದ್ದರೂ, ಕಾರಣ ಕೊಟ್ಟು ಮತ್ತೊಮ್ಮೆ ಯೋಚಿಸಿರೆಂದರೆ ಅದು ಉಪದ್ರವವಲ್ಲ. ಓದದೆ ಒಪ್ಪುವುದೂ ಕಾರಣವಿಲ್ಲದೆ ತಡೆಯುವುದೂ ಎರಡೂ ದೋಷ. ಆದರೆ ಅವು ಆ ಸಭೆಯಲ್ಲಿ ಕುಳಿತವರ ದೋಷ, ವ್ಯವಸ್ಥೆಯದಲ್ಲ. ಅವರನ್ನು ಅಲ್ಲಿಗೆ ಕಳುಹಿಸುವವರು ಯಾರು? ಲೋಕಸಭೆಗೆ ನೇರವಾಗಿ ನಾವು. ರಾಜ್ಯಸಭೆಗೆ, ನಾವು ಆರಿಸಿದ ಶಾಸಕರು. ಮತದಾನದ ವಯಸ್ಸು 1989ರಿಂದ 21ರ ಬದಲು 18ಕ್ಕೆ ಇಳಿದಿರುವುದರಿಂದ, ಕಾಲೇಜಿನ ತರಗತಿಗಳಲ್ಲಿ ಕುಳಿತಿರುವ ಬಹುಮಂದಿ ಈಗಾಗಲೇ ಮತದಾರರು.

ಆದುದರಿಂದ ಮುಂದಿನ ಸಲ ಪತ್ರಿಕೆಯಲ್ಲಿ ಮಸೂದೆಯೊಂದು ಅಂಗೀಕಾರವಾಯಿತೆಂದು ಓದಿದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಅದು ಸಮಿತಿಗೆ ಹೋಗಿತ್ತೆ? ಎಷ್ಟು ಹೊತ್ತು ಚರ್ಚೆಯಾಯಿತು? ನಮ್ಮ ಪ್ರತಿನಿಧಿ ಅದರ ಬಗ್ಗೆ ಏನು ಹೇಳಿದರು? 1961ರಲ್ಲಿ ಬರೆದ ಒಂದು ವಾಕ್ಯದ ಭಾರವನ್ನು ಯಾರು ಯಾರೋ ಮನೆಯ ಹೆಣ್ಣುಮಕ್ಕಳು ಎಷ್ಟೋ ವರ್ಷ ಹೊತ್ತರು. ಇಂದು ಬರೆಯುವ ವಾಕ್ಯದ ಭಾರವನ್ನು ಹೊರತಕ್ಕವರು ನಾವೇ ಆಗಿರಬಹುದು.